ಮದ್ದಿನ ಇದ್ದಲಿಗೆ ಎಂಥ ಗಿಡ?

ದೀಪಾವಳಿಯ ಇರುಳಿನಲ್ಲಿ ಬಾಣವೊಂದು ಸುಯ್ಯೆಂದು ಮೇಲಕ್ಕೇರಿ, ಹೊಂಬಣ್ಣದ ಕಿಡಿಗಳ ಬಾಲವನ್ನು ಹಿಂದೆ ಬಿಟ್ಟು ಮರೆಯಾಗುವುದನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಆ ಹೊಂಬಣ್ಣ ಎಲ್ಲಿಂದ ಬಂದಿತೆಂದು ಕೇಳಿದವರು ಮಾತ್ರ ವಿರಳ. ಅದು ಇದ್ದಲಿನ ಬಣ್ಣ. ಕೊಳವೆಯೊಳಗೆ ಪೂರ್ತಿಯಾಗಿ ಉರಿಯದೆ ಉಳಿದ ಇದ್ದಲಿನ ಕಣಗಳು ಹೊರಗಿನ ಗಾಳಿಗೆ ಬಿದ್ದು ಕೆಂಡವಾಗಿ ಹೊಳೆದು ಬೂದಿಯಾಗುವುದನ್ನೇ ನಾವು ತಲೆಯೆತ್ತಿ ನೋಡಿ ಸಂತೋಷಪಡುತ್ತೇವೆ.

ಕರಿಯ ಮದ್ದಿನಲ್ಲಿ ಪೆಟ್ಲುಪ್ಪು, ಗಂಧಕ, ಇದ್ದಲು ಎಂಬ ಮೂರು ದ್ರವ್ಯಗಳುಂಟೆಂಬುದು ಸರ್ವವಿದಿತ. ಇವುಗಳಲ್ಲಿ ಪೆಟ್ಲುಪ್ಪಿನ ಚರಿತ್ರೆಯನ್ನು ವಿದ್ವಾಂಸರು ಬೇಕಾದಷ್ಟು ವಿಸ್ತರಿಸಿ ಬರೆದಿದ್ದಾರೆ. ಬಿಹಾರದ ಪೆಟ್ಲುಪ್ಪಿಗಾಗಿ ಡಚ್ಚರು, ಇಂಗ್ಲಿಷರು, ಫ್ರೆಂಚರು ಪರಸ್ಪರ ಪೈಪೋಟಿ ನಡೆಸಿದ ಸಂಗತಿ ಪಠ್ಯಪುಸ್ತಕಗಳಿಗೂ ಏರಿದೆ. ಗಂಧಕಕ್ಕೆ ಸಿಸಿಲಿಯ ಗಣಿಗಳ ಕೀರ್ತಿಯುಂಟು. ಇದ್ದಲಿಗೆ ಹೀಗೆ ಕೀರ್ತಿ ತಂದುಕೊಟ್ಟ ಗಣಿಯಾಗಲಿ ಹಡಗಾಗಲಿ ಇಲ್ಲ. ಅದು ಎಲ್ಲ ಊರಿನಲ್ಲಿಯೂ ಸಿಕ್ಕುವ ವಸ್ತು. ಆದಕಾರಣ ಅದರ ವಿಷಯದಲ್ಲಿ ಕೇಳತಕ್ಕದ್ದೇನೂ ಇಲ್ಲವೆಂದು ಬರೆಯುವವರು ಎಣಿಸಿದಂತೆ ತೋರುತ್ತದೆ. ಮದ್ದು ಅರೆಯುವವನು ಹಾಗೆ ಎಣಿಸಲಿಲ್ಲ. ಎಲ್ಲ ಇದ್ದಲೂ ಮದ್ದಿಗೆ ಬಾರದು ಎಂಬುದು ಅವನ ಮೊದಲನೆಯ ಪಾಠ. ಈ ಪಾಠವನ್ನು ನಾನಾ ದೇಶದ ಕೆಲಸಗಾರರು ಹೇಗೆ ಕಲಿತರು, ಯಾವ ಯಾವ ಗಿಡಗಳನ್ನು ಆರಿಸಿಕೊಂಡರು ಎಂಬುದನ್ನು ನಾವು ಈ ಭಾಷಣದಲ್ಲಿ ವಿಚಾರಿಸೋಣ.

ಮೊದಲು ನಮ್ಮ ನಾಡಿನ ಸಾಕ್ಷಿಗಳನ್ನೇ ಕರೆಯೋಣ. ೧೪೪೩ರಲ್ಲಿ ಹೆರಾತಿನ ಷಾ ರುಖ್ ದೊರೆಯ ರಾಯಭಾರಿಯಾಗಿ ವಿಜಯನಗರಕ್ಕೆ ಬಂದಿದ್ದ ಅಬ್ದುರ್ ರಜಾಕನು ಮಹಾನವಮಿಯ ಉತ್ಸವದಲ್ಲಿ ತೋರಿಸಿದ ಬಾಣಬಿರುಸುಗಳನ್ನು ಕಂಡು, ಅವನ್ನೆಲ್ಲ ವರ್ಣಿಸಹೊರಟರೆ ಗ್ರಂಥ ಬೆಳೆಯುತ್ತದೆಂದು ಕೈಬಿಟ್ಟನು. ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಸ್ವಲ್ಪ ಹೆಚ್ಚು ಹೇಳುತ್ತಾನೆ. ಉರಿಯುತ್ತ ಉರಿಯುತ್ತ ತಮ್ಮೊಳಗಿನಿಂದ ಬಾಣಗಳನ್ನೂ ಗುಂಡುಗಳನ್ನೂ ಚಿಮ್ಮಿಸುವ ಕೋಟೆಗಳನ್ನು ಅವನು ಅಲ್ಲಿ ಕಂಡನು. ಇಬ್ಬರೂ ಅತಿಥಿಗಳು, ಆಸನದಲ್ಲಿ ಕುಳಿತು ನೋಡಿದವರು. ಬಿರುಸಿನವನ ಮನೆಯ ಹಿತ್ತಿಲಿಗೆ ಹೋಗಿ, ಅಲ್ಲಿ ಒಣಗಹಾಕಿದ್ದ ಕಡ್ಡಿ ಯಾವ ಗಿಡದ್ದೆಂದು ಕೇಳುವುದು ಅವರ ಕೆಲಸವಾಗಿರಲಿಲ್ಲ. ಕೃಷ್ಣದೇವರಾಯನೊಡನೆ ಯುದ್ಧಮಾಡಿ ಸೋತ ಒರಿಸ್ಸಾದ ಗಜಪತಿ ಪ್ರತಾಪರುದ್ರದೇವನ ಹೆಸರಿನಲ್ಲಿರುವ ‘ಕೌತುಕಚಿಂತಾಮಣಿ’ ಎಂಬ ಸಂಸ್ಕೃತ ಗ್ರಂಥವು ಇವರಿಗಿಂತ ಹಿತ್ತಿಲಿಗೆ ಹತ್ತಿರದ್ದು. ಅದರಲ್ಲಿ ಗಂಧಕ, ಇದ್ದಲು, ಕಬ್ಬಿಣದ ಪುಡಿ, ಬಿದಿರಿನ ಕೊಳವೆ ಮೊದಲಾದ ಬಿರುಸಿನ ಸಾಮಗ್ರಿಗಳ ಮಾತು ಬರುತ್ತದೆ. ಈ ಗ್ರಂಥದ ಕಡೆಗೆ ಚರಿತ್ರೆಕಾರರ ಲಕ್ಷ್ಯವನ್ನು ಸೆಳೆದವರು ಪುಣೆಯ ವಿದ್ವಾಂಸರಾದ ಪಿ. ಕೆ. ಗೋಡೆಯವರು. ಭಾರತದ ಬಾಣಬಿರುಸಿನ ಚರಿತ್ರೆಯನ್ನು ಕುರಿತ ಅವರ ಪುಸ್ತಿಕೆ ೧೯೫೩ರಲ್ಲಿ ಅಚ್ಚಾದದ್ದು ನಮ್ಮ ಬೆಂಗಳೂರಿನಲ್ಲಿಯೇ ಎಂಬುದನ್ನು ಇಲ್ಲಿ ಸಂತೋಷದಿಂದ ಜ್ಞಾಪಿಸಿಕೊಳ್ಳುತ್ತೇವೆ.

ಗಿಡಗಳ ಹೆಸರನ್ನು ಬಾಯಿಬಿಟ್ಟು ಹೇಳುವ ಗ್ರಂಥ ಬೇಕಾದರೆ ಚೀಣಾ ದೇಶಕ್ಕೆ ಹೋಗಬೇಕು. ಮದ್ದು ಹುಟ್ಟಿದ್ದೂ ಅಲ್ಲಿಯೇ. ೧೬೩೭ರಲ್ಲಿ ಸುಂಗ್ ಯಿಂಗ್‌ಷಿಂಗ್ ಎಂಬ ಅಧಿಕಾರಿಯು ತನ್ನ ದೇಶದ ಕಸಬುಗಳನ್ನೆಲ್ಲ ಒಂದೆಡೆ ಸೇರಿಸಿ ‘ತಿಯೆನ್ ಕುಂಗ್ ಕೈ ವು’ ಎಂಬ ಪುಸ್ತಕವನ್ನು ಬರೆದನು. ಬತ್ತದ ಬೇಸಾಯ, ರೇಷ್ಮೆ, ಉಪ್ಪು, ಕಾಗದಗಳ ಜತೆಗೆ ಮದ್ದಿಗೂ ಅಲ್ಲಿ ಸ್ಥಳವುಂಟು. ಇದ್ದಲಿಗೆ ತಕ್ಕ ಗಿಡಗಳೆಂದು ಅವನು ಹೇಳುವುದು ಇವು: ಪಾಪ್ಲರ್ ಮರ, ಒಣಗಿದ ಫರ್ ಮರ, ಬರ್ಚ್ ಮರದ ಬೇರು, ಅಗಲವಾದ ಬಿದಿರೆಲೆ, ಹಾಲಿಹಾಕ್ ಹೂಗಿಡ, ದೊಡ್ಡ ಬಿದಿರಿನ ಬೇರು, ಬದನೆಯ ಗಿಡದ ಕಡ್ಡಿ. ಇವೆಲ್ಲವುಗಳಲ್ಲಿ ಬಿದಿರೆಲೆಯ ಇದ್ದಲೇ ಅತ್ಯಂತ ತೀಕ್ಷ್ಣವೆಂದೂ ಸೇರಿಸುತ್ತಾನೆ. ಬದನೆಯ ಕಡ್ಡಿಯನ್ನು ಕಂಡು ಕೇಳುವವರು ನಕ್ಕರೆ ನಾವು ಬೇಡವೆನ್ನುವುದಿಲ್ಲ. ಆದರೆ ಪಟ್ಟಿಯನ್ನು ಇನ್ನೊಂದು ಸಾರಿ ನೋಡಿರಿ. ತೊಲೆಗೆ, ಬಾಗಿಲಿಗೆ, ಗಾಡಿಯ ಚಕ್ರಕ್ಕೆ ಬೆಲೆ ಕೊಟ್ಟು ಕೊಳ್ಳುವ ಗಟ್ಟಿಮರ ಅದರಲ್ಲಿ ಒಂದೂ ಇಲ್ಲ. ಇರುವುದೆಲ್ಲ ಹಗುರವಾದದ್ದು, ಬೇಗ ಬೆಳೆದದ್ದು, ಇಲ್ಲವೆ ಬೆಳೆ ತೆಗೆದ ಮೇಲೆ ಬಿಸಾಡತಕ್ಕದ್ದು.

ಸುಂಗನ ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯವೆಂದು ನಮಗೆ ತೋರುತ್ತದೆ. ಇವನ್ನು ಸುಡುವಾಗ ಅವುಗಳ ಗುಣ ಉಳಿಯುವಂತೆ ಸುಡಬೇಕು ಎಂದು ಅವನು ಹೇಳುತ್ತಾನೆ. ಗಿಡವು ಇದ್ದಲಾಗಬೇಕು, ಆದರೆ ಅದರ ಜೀವವೆಲ್ಲ ಹಾರಿಹೋಗಬಾರದು. ಮದ್ದಿನ ಇದ್ದಲಿನ ರಹಸ್ಯವೆಲ್ಲ ಈ ಒಂದು ಮಾತಿನಲ್ಲಿದೆ. ಮುಂದೆ ಅದನ್ನು ಬೇರೆ ಬೇರೆ ಬಾಯಿಂದ ಮತ್ತೆ ಕೇಳಲಿದ್ದೇವೆ.

ಈಗ ನಮ್ಮ ದೇಶದ ಒಂದು ವಿವಾದಕ್ಕೆ ಬರೋಣ. ‘ಶುಕ್ರನೀತಿ’ ಎಂಬ ಗ್ರಂಥದಲ್ಲಿ ಅಗ್ನಿಚೂರ್ಣವನ್ನು ಹೇಳುವ ಕೆಲವು ಶ್ಲೋಕಗಳುಂಟು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕನಾಗಿದ್ದ ಗುಸ್ತಾವ್ ಓಪರ್ಟನು ೧೮೮೦ರಲ್ಲಿ ಈ ಶ್ಲೋಕಗಳನ್ನು ಮುಂದಿಟ್ಟು, ಮದ್ದುಗುಂಡುಗಳು ಭಾರತದಲ್ಲಿ ಅತಿ ಪ್ರಾಚೀನವೆಂದು ವಾದಿಸಿದನು. ಪರದೇಶದ ಪಂಡಿತನೇ ಹೀಗೆ ಹೇಳಿದನೆಂದ ಮೇಲೆ ನಮ್ಮವರಿಗೆ ಆದ ಹರ್ಷವನ್ನು ಹೇಳತಕ್ಕದ್ದೇನಿದೆ! ಆದರೆ ಹಿಂದೂ ರಸಾಯನಶಾಸ್ತ್ರದ ಚರಿತ್ರೆಯನ್ನು ಬರೆದ ಆಚಾರ್ಯ ಪ್ರಫುಲ್ಲಚಂದ್ರ ರಾಯರೇ ಈ ಭಾಗವನ್ನು ಸಂದೇಹದಿಂದ ನೋಡಿದರು. ೧೯೬೨ರಲ್ಲಿ ಲಲ್ಲನ್‌ಜಿ ಗೋಪಾಲರು ಇನ್ನೂ ಮುಂದೆ ಹೋಗಿ, ಈಗ ದೊರೆಯುವ ಶುಕ್ರನೀತಿಯು ಹತ್ತೊಂಬತ್ತನೆಯ ಶತಮಾನದ ರಚನೆಯೆಂದು ತೋರಿಸಿದರು. ಅವರ ವಾದ ಬಲವಾದದ್ದು. ನಾವು ಅದನ್ನು ಒಪ್ಪುತ್ತೇವೆ. ಪೂರ್ವಿಕರ ಕೀರ್ತಿಗೆ ಇದರಿಂದ ಕುಂದಾಯಿತೆಂದು ಮರುಗುವವರಿಗೆ ನಾವು ಹೇಳುವುದಿಷ್ಟೆ: ಶ್ಲೋಕದ ವಯಸ್ಸಿಗಾಗಿ ಕಚ್ಚಾಡುವ ಭರದಲ್ಲಿ ಶ್ಲೋಕದೊಳಗೆ ಏನಿದೆಯೆಂಬುದನ್ನು ಎರಡು ಪಕ್ಷದವರೂ ಓದದೆ ಬಿಟ್ಟರು.

ಅದರೊಳಗೆ ಇರುವುದೇನು? ಇದ್ದಲನ್ನು ಎಕ್ಕ, ಕಳ್ಳಿ ಮುಂತಾದ ಗಿಡಗಳಿಂದ ಮಾಡಬೇಕು. ಅದನ್ನು ಹೊಗೆ ಹೊರಗೆ ಹೋಗದಂತೆ ಒಳಗೊಳಗೇ ಬೇಯಿಸಬೇಕು ಎಂದಿದೆ. ಇದು ಕವಿಯ ಕಲ್ಪನೆಯಲ್ಲ, ಕಸಬುದಾರನ ಮಾತು. ಎಕ್ಕದ ಗಿಡವನ್ನು ಮೈಸೂರು ಸೀಮೆಯಲ್ಲಿ ತೋರಿಸಿಕೊಡಬೇಕಾದ್ದಿಲ್ಲ. ರಥಸಪ್ತಮಿಯ ದಿನ ಅದರ ಎಲೆಯನ್ನು ತಲೆಯ ಮೇಲೆ ಇಟ್ಟುಕೊಂಡು ಸ್ನಾನಮಾಡುತ್ತೇವೆ. ಉಳಿದ ದಿನಗಳಲ್ಲಿ ಅದರ ಹೆಸರು ಬೈಗುಳಕ್ಕೆ ಮೀಸಲು. ‘ಎಕ್ಕುಟ್ಟೋಗು’ ಎಂದು ಹಳ್ಳಿಯ ಮುದುಕಿ ಶಪಿಸಿದರೆ, ನಿನ್ನ ಮನೆ ಹಾಳಾಗಿ ಅಲ್ಲಿ ಎಕ್ಕ ಹುಟ್ಟಲಿ ಎಂದರ್ಥ. ಕಳ್ಳಿಯೂ ಬೇಲಿಯಲ್ಲಿ ನಿಲ್ಲತಕ್ಕದ್ದು, ದನವೂ ಮೂಸದ ಗಿಡ. ಎರಡೂ ಹಾಲು ಸುರಿಸುವವು, ಎರಡರ ಕಟ್ಟಿಗೆಯೂ ಒಣಗಿದರೆ ಬೆಂಡಿನಂತೆ ಹಗುರ. ಹಾಳುಮನೆಯ ಗಿಡವನ್ನೂ ಬೇಲಿಯ ಗಿಡವನ್ನೂ ಆರಿಸಿಕೊಂಡವನು ಬಡತನದಿಂದ ಆರಿಸಲಿಲ್ಲ, ಬಲ್ಲತನದಿಂದ ಆರಿಸಿದನು.

ಈ ಬಲ್ಲತನ ಎಲ್ಲಿಂದ ಬಂದಿತು? ನಮ್ಮ ಊಹೆಯೊಂದುಂಟು. ಸುಶ್ರುತಸಂಹಿತೆಯಲ್ಲಿ ಕ್ಷಾರವನ್ನು ತಯಾರಿಸಲು ಸುಡತಕ್ಕ ಗಿಡಗಳ ಉದ್ದವಾದ ಪಟ್ಟಿಯಿದೆ. ಮುತ್ತುಗ, ಉತ್ತರಾಣಿಗಳೊಡನೆ ಎಕ್ಕ, ಕಳ್ಳಿಗಳೂ ಅದರಲ್ಲಿವೆ. ಹೊಗೆಯನ್ನು ಒಳಗೇ ಅಡಗಿಸಿ ಸುಡುವ ಕ್ರಮಕ್ಕೆ ‘ಅಂತರ್ಧೂಮ’ವೆಂಬ ಹೆಸರು ವೈದ್ಯಶಾಸ್ತ್ರದ್ದೇ. ಗಿಡಮೂಲಿಕೆಗಳನ್ನು ಮಡಕೆಯಲ್ಲಿಟ್ಟು, ಬಾಯಿಗೆ ಮುಚ್ಚಳ ಹಾಕಿ, ಮಣ್ಣು ಮೆತ್ತಿ ಸುಟ್ಟು ಮಸಿ ಮಾಡುವುದನ್ನು ವೈದ್ಯರು ಬಹುಕಾಲದಿಂದ ಬಲ್ಲವರಾಗಿದ್ದರು. ಹೀಗಿರುವಾಗ, ಚೀಣಾದಿಂದ ನಾನಾ ದಾರಿಗಳಲ್ಲಿ ಹೊಸದಾಗಿ ಬಂದ ಮದ್ದಿಗೆ ತಕ್ಕ ಇದ್ದಲನ್ನು ಹುಡುಕುವಾಗ ನಮ್ಮವರು ಕೈಗೆತ್ತಿಕೊಂಡದ್ದು ವೈದ್ಯನ ಹಳೆಯ ಮಡಕೆಯನ್ನೇ ಇರಬೇಕು. ಕನ್ನಡದಲ್ಲಿ ಔಷಧಿಗೂ ಸಿಡಿಯುವ ಪುಡಿಗೂ ‘ಮದ್ದು’ ಎಂಬ ಒಂದೇ ಮಾತು ಇರುವುದು ಈ ಊಹೆಗೆ ಪ್ರಮಾಣವಲ್ಲದಿದ್ದರೂ ಅದಕ್ಕೆ ವಿರೋಧವಂತೂ ಅಲ್ಲ. ಮದ್ದು ಪ್ರಾಚೀನವಲ್ಲದಿರಬಹುದು, ಅದಕ್ಕೆ ಬಳಸಿದ ಗಿಡದ ಜ್ಞಾನ ಪ್ರಾಚೀನವಾದದ್ದು. ಹೆಮ್ಮೆಪಡಬೇಕಾದವರು ಇದಕ್ಕಾಗಿ ಹೆಮ್ಮೆಪಡಬಹುದು.

ಇಂಗ್ಲಿಷ್ ಕಂಪೆನಿಯವರು ಈ ದೇಶದಲ್ಲಿ ಸ್ವಂತ ಮದ್ದಿನ ಕಾರ್ಖಾನೆಗಳನ್ನು ತೆರೆದಾಗ ಅವರಿಗೂ ಇದೇ ಪ್ರಶ್ನೆ ಎದುರಾಯಿತು. ಅವರ ದೇಶದ ಮರಗಳು ಇಲ್ಲಿ ಬೆಳೆಯವು. ಕಲ್ಕತ್ತೆಯ ಹತ್ತಿರದ ಇಚ್ಛಾಪುರದಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ಆರಂಭವಾದ ಕಾರ್ಖಾನೆಯ ಕ್ರಮವನ್ನು ವಿಲಿಯಂ ಆಂಡರ್ಸನ್ ಎಂಬ ಅಧಿಕಾರಿಯು ವರ್ಣಿಸಿ ಬರೆದ ಪುಸ್ತಕ ೧೮೬೨ರಲ್ಲಿ ಪ್ರಕಟವಾಯಿತು. ಬಂಗಾಳದ ಮದ್ದಿಗೆ ಇದ್ದಲಾದದ್ದು ಯಾವುದೆಂದರೆ, ತೊಗರಿಕಟ್ಟಿಗೆ! ಬೇಳೆಯನ್ನು ನಾವು ಉಂಡ ಮೇಲೆ ಹೊಲದಲ್ಲಿ ಉಳಿಯುವ ಕಡ್ಡಿ. ಇದಲ್ಲದೆ ಎಲೆಯಿಲ್ಲದೆ ಬರಿಯ ಹಸುರು ಕಡ್ಡಿಗಳಾಗಿ ಬೆಳೆದು ಬೇಲಿಯಾಗುವ ಕಡ್ಡಿಗಳ್ಳಿಯೂ, ಅಮೆರಿಕದಿಂದ ಬೇಲಿಗೆಂದೇ ತಂದು ನೆಟ್ಟ ಪಾರ್ಕಿನ್‌ಸೋನಿಯವೂ ಭಾರತದ ಮದ್ದಿನ ಕಾರ್ಖಾನೆಗಳಲ್ಲಿ ಇದ್ದಲಾದವು. ಕಂಪೆನಿಯ ಸಾಹೇಬರು ಶುಕ್ರನೀತಿಯನ್ನು ಓದಿ ಕಳ್ಳಿಯನ್ನು ಆರಿಸಿದರೆಂದು ನಾವು ಹೇಳುವುದಿಲ್ಲ. ಸುತ್ತಲಿನ ಕೆಲಸಗಾರರು ಬಳಸುತ್ತಿದ್ದುದನ್ನು ನೋಡಿ ಆರಿಸಿದರೆನ್ನುವುದು ಸಹಜವಾದ ಊಹೆ. ಎಕ್ಕ, ಆಡುಸೋಗೆ, ಜಯಂತಿ ಎಂಬ ಗಿಡಗಳ ಇದ್ದಲೂ ಮದ್ದಿಗೆ ಯೋಗ್ಯವೆಂದು ಆ ಶತಮಾನದ ಸಸ್ಯಶಾಸ್ತ್ರಜ್ಞರು ಬರೆದಿಟ್ಟಿದ್ದಾರೆ.

ಹಗುರವಾದ ಕಟ್ಟಿಗೆಗೇ ಈ ಮರ್ಯಾದೆ ಏಕೆ? ಮರವನ್ನು ಗಾಳಿಯಿಲ್ಲದೆ ಸುಟ್ಟಾಗ ಅದರ ನೀರೂ, ಹೊಗೆಯಾಗುವ ಪದಾರ್ಥಗಳೂ ಹೋಗಿ, ಜೀವಕೋಶಗಳ ಗೂಡು ಇದ್ದ ಆಕಾರದಲ್ಲಿಯೇ ಕಪ್ಪಾಗಿ ಉಳಿಯುತ್ತದೆ. ಇದ್ದಲೆಂದರೆ ಮರದ ಅಸ್ಥಿಪಂಜರ. ಹಗುರವಾದ ಗಿಡದಲ್ಲಿ ಈ ಗೂಡಿನ ಗೋಡೆಗಳು ತೆಳು, ಒಳಗಣ ಬಯಲು ಹೆಚ್ಚು. ಆದ್ದರಿಂದ ಅದು ಅರೆದರೆ ಬೇಗ ನುಣ್ಣಗಾಗುತ್ತದೆ, ಉಳಿದೆರಡು ದ್ರವ್ಯಗಳೊಡನೆ ಒತ್ತಾಗಿ ಬೆರೆಯುತ್ತದೆ, ಕಿಡಿ ತಾಕಿದೊಡನೆ ಹೊತ್ತಿಕೊಳ್ಳುತ್ತದೆ. ಜಾಲಿಯಂಥ ಗಟ್ಟಿಮರದ ಇದ್ದಲು ಕಮ್ಮಾರನ ಕುಲುಮೆಗೆ ಉತ್ತಮ. ಕಾವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಉರಿಯುವುದೇ ಅದರ ಗುಣ. ಕುಲುಮೆಯಲ್ಲಿ ಗುಣವಾದದ್ದು ಬಾಣದಲ್ಲಿ ದೋಷ. ಎಲ್ಲ ನಿಯಮಕ್ಕೂ ಅಪವಾದವಿರುವಂತೆ, ಹುಣಿಸೆಯ ಗಟ್ಟಿಮರದ ಇದ್ದಲನ್ನು ಮದ್ದಿಗೆ ಮೆಚ್ಚಿದವರೂ ಈ ದೇಶದಲ್ಲಿ ಇದ್ದರೆಂಬುದನ್ನು ಮರೆಮಾಚತಕ್ಕದ್ದಲ್ಲ.

ಗಿಡದ ಆಯ್ಕೆಯಷ್ಟೇ ಸುಡುವ ಹದವೂ ಮುಖ್ಯವೆಂದು ಸುಂಗನೂ ಶುಕ್ರನೀತಿಯೂ ಹೇಳಿದುದನ್ನು ಕೇಳಿದೆವು. ಇಂಗ್ಲೆಂಡಿನವರು ಇದನ್ನು ಕಲಿತದ್ದು ಒಬ್ಬ ಪಾದ್ರಿಯಿಂದ. ಅಲ್ಲಿ ವಿಲ್ಲೊ, ಆಲ್ಡರ್ ಮರಗಳು ಮದ್ದಿನ ಮರಗಳೆಂದು ಹೆಸರಾಗಿದ್ದವು. ವಿಲ್ಲೊ ಎಂಬುದು ನಮ್ಮ ಹೊಳೆಯಂಚಿನ ನೀರವಂಜಿಯ ಕುಲದ ಮರ. ಇವೆರಡಕ್ಕಿಂತ ಮೇಲೆಂದು ಹೆಸರಾದ ಇನ್ನೊಂದು ಪೊದೆಯ ಗಿಡಕ್ಕೆ ಮದ್ದಿನವರು ಡಾಗ್‌ವುಡ್ ಎನ್ನುತ್ತಿದ್ದರು. ಸಸ್ಯಶಾಸ್ತ್ರದಲ್ಲಿ ಡಾಗ್‌ವುಡ್ ಎಂಬುದು ಬೇರೆಯೇ ಗಿಡ, ಮದ್ದಿನವರದು ಬಕ್‌ಥಾರ್ನ್. ಕಾರ್ಖಾನೆಯ ಹೆಸರಿಗೂ ಶಾಸ್ತ್ರದ ಹೆಸರಿಗೂ ಜಗಳ ಎಲ್ಲ ದೇಶದಲ್ಲಿಯೂ ಉಂಟು. ಮೊದಲು ಇವನ್ನೆಲ್ಲ ಗುಂಡಿಗಳಲ್ಲಿ ಒಟ್ಟಿ, ಮಣ್ಣು ಮುಚ್ಚಿ ಸುಡುತ್ತಿದ್ದರು. ಕೇಂಬ್ರಿಜ್‌ನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದು ಅನಂತರ ಲ್ಯಾಂಡಾಫ್‌ನ ಬಿಷಪ್ಪನಾದ ರಿಚರ್ಡ್ ವಾಟ್ಸನನು ೧೭೮೦ರ ದಶಕದಲ್ಲಿ, ಕಟ್ಟಿಗೆಯನ್ನು ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿಟ್ಟು ಹೊರಗಿನಿಂದ ಕಾಯಿಸಬೇಕೆಂದು ಸೂಚಿಸಿದನು. ಮದ್ದಿನ ಶಕ್ತಿ ಗಮನಾರ್ಹವಾಗಿ ಹೆಚ್ಚಿತು. ಕ್ರೈಸ್ತ ಧರ್ಮಗುರುವಾದ ತಾನು ಮನುಷ್ಯರನ್ನು ಕೊಲ್ಲುವ ವಿದ್ಯೆಯನ್ನು ಕಲಿಸಿದುದಕ್ಕೆ ನಾಚಬೇಕೆಂದು ಅವನು ಮೂರನೆಯ ಜಾರ್ಜ್ ದೊರೆಯ ಮುಂದೆ ಹೇಳಿಕೊಂಡನಂತೆ. ಅದಕ್ಕೆ ದೊರೆಯು, ಯುದ್ಧ ಬೇಗ ಮುಗಿದಷ್ಟೂ ಸಾವು ಕಡಮೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಸಮಾಧಾನ ಹೇಳಿದನಂತೆ. ಇದನ್ನು ಬರೆದಿಟ್ಟವನು ವಾಟ್ಸನನೇ. ದೊರೆಯ ಲೆಕ್ಕ ಸರಿಯೆಂದು ಆ ಮೇಲಿನ ಯುದ್ಧಗಳನ್ನು ಕಂಡ ಯಾರೂ ಹೇಳಲಾರರು.

ಬಿಷಪ್ಪನ ಕಬ್ಬಿಣದ ಪಾತ್ರೆಗೂ ವೈದ್ಯನ ಮಣ್ಣಿನ ಮಡಕೆಗೂ ತತ್ತ್ವದಲ್ಲಿ ಭೇದವಿಲ್ಲ. ಭೇದವಿರುವುದು ಅಳತೆಯಲ್ಲಿ. ಅಳತೆಯನ್ನು ಕೊನೆಗಾಣಿಸಿದವನು ಫ್ರಾನ್ಸಿನ ಸರಕಾರೀ ಮದ್ದಿನ ಇಲಾಖೆಯ ಅಧಿಕಾರಿ ವಿಯೊಲೆತ್. ಹತ್ತೊಂಬತ್ತನೆಯ ಶತಮಾನದ ನಡುವೆ ಅವನು ಅದೇ ಬಕ್‌ಥಾರ್ನ್ ಕಟ್ಟಿಗೆಯನ್ನು ಹತ್ತಾರು ಬೇರೆ ಬೇರೆ ಉಷ್ಣತೆಗಳಲ್ಲಿ ಸುಟ್ಟು, ಪ್ರತಿಯೊಂದು ಇದ್ದಲನ್ನೂ ತೂಗಿ ಪರೀಕ್ಷಿಸಿದನು. ಸುಮಾರು ೩೦೦ ಡಿಗ್ರಿ ಸೆಂಟಿಗ್ರೇಡಿನ ಆಚೀಚೆ ಸುಟ್ಟ ಇದ್ದಲು ಕಪ್ಪಾಗುವ ಬದಲು ಕಂದಾಗಿ, ಬಲುಬೇಗ ಹೊತ್ತಿಕೊಳ್ಳುತ್ತಿತ್ತು. ಅತಿಯಾಗಿ ಸುಟ್ಟದ್ದು ಗಟ್ಟಿಯಾಗಿ, ಹೊತ್ತಿಕೊಳ್ಳಲು ಒಲ್ಲದಾಗುತ್ತಿತ್ತು. ಗುಣ ಉಳಿಯುವಂತೆ ಸುಡಬೇಕೆಂದು ಸುಂಗನು ಹೇಳಿದುದಕ್ಕೆ ಎರಡು ಶತಮಾನಗಳ ಮೇಲೆ ಉಷ್ಣಮಾಪಕದ ಸಾಕ್ಷಿ ದೊರೆಯಿತು. ಮುಂದೆ ೧೮೮೦ರ ದಶಕದಲ್ಲಿ ಜರ್ಮನರು ದೊಡ್ಡ ಫಿರಂಗಿಗಳಿಗಾಗಿ ಮಾಡಿದ ಕಂದುಮದ್ದಿಗೆ ಅರೆಸುಟ್ಟ ರೈ ಹುಲ್ಲೇ ಇದ್ದಲಾಯಿತು. ಚೀಣಾದ ಬದನೆಯ ಕಡ್ಡಿಯನ್ನು ಕೇಳಿ ನಕ್ಕವರು ಈ ಹುಲ್ಲನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು.

ಇಷ್ಟು ಹೊತ್ತೂ ಫಿರಂಗಿಯ ಮಾತೇ ಹೆಚ್ಚಾಯಿತು. ಅದಕ್ಕೆ ಕಾರಣವುಂಟು. ಹಣ ಹಾಕಿದವರು, ಪುಸ್ತಕ ಬರೆಸಿದವರು ಸೇನೆಯವರು, ಬಿರುಸಿನವರು ಬರೆಯಲಿಲ್ಲ. ಆದರೆ ಫಿರಂಗಿಗೆ ಬೇಕಾದದ್ದು ವೇಗವೊಂದೇ. ಬಾಣಬಿರುಸಿಗೆ ಅದರ ಮೇಲೆ ಸೊಗಸೂ ಬೇಕು. ಈ ಭೇದವನ್ನು ಜಪಾನಿನವರಷ್ಟು ಸೂಕ್ಷ್ಮವಾಗಿ ಕಂಡವರಿಲ್ಲ. ಬಾಣವನ್ನು ಮೇಲಕ್ಕೆ ನೂಕುವ ಮದ್ದಿಗೆ ಅವರು ಕಿರಿ ಎಂಬ ಅತಿ ಹಗುರವಾದ ಮರದ ಇದ್ದಲನ್ನೋ, ಭಂಗಿಯ ಜಾತಿಯ ನಾರುಗಿಡದ ನಾರು ಸುಲಿದು ಉಳಿದ ಕಡ್ಡಿಯ ಇದ್ದಲನ್ನೋ ಬಳಸುತ್ತಾರೆ. ಆ ನಾರುಗಿಡದ ಕಡ್ಡಿಯನ್ನೇ ಭೂಮಿಯ ಇನ್ನೊಂದು ತುದಿಯ ಸ್ಪೇನಿನವರೂ ತಮ್ಮ ಮದ್ದಿಗೆ ಆರಿಸಿದ್ದರು. ಆಕಾಶದಲ್ಲಿ ಕಿಡಿಗಳು ಬಹಳ ಹೊತ್ತು ನಿಂತು ಜೋಲಾಡಬೇಕಾದರೆ ಮಾತ್ರ ಜಪಾನಿಗನು ದೇವದಾರುವಿನ ಜಾತಿಯ ಪೈನ್ ಮರದ ಇದ್ದಲನ್ನು ತೆಗೆದುಕೊಳ್ಳುತ್ತಾನೆ. ಪೈನಿನ ಕಣ ನಿಧಾನವಾಗಿ ಉರಿಯುತ್ತದೆ. ಸಿಪಾಯಿಗೆ ಕೆಟ್ಟದ್ದಾದ ಇದ್ದಲು ಬಿರುಸಿನವನಿಗೆ ಬೇಕಾದದ್ದು ಹೀಗೆ. ೧೮೬೮ರ ತರುವಾಯ ಪಶ್ಚಿಮದಿಂದ ಪೊಟ್ಯಾಸಿಯಂ ಕ್ಲೋರೇಟು ಮೊದಲಾದವು ಬಂದು ಕೆಂಪು, ಹಸುರು, ನೀಲಿಗಳು ಕಾಣಿಸಿಕೊಳ್ಳುವವರೆಗೆ ಜಪಾನಿನ ಬಿರುಸಿಗೆ ಇದ್ದಲಿನ ಹೊಂಬಣ್ಣವೇ ಮುಖ್ಯ ಬಣ್ಣ. ಆ ಒಂದು ಬಣ್ಣದಲ್ಲಿಯೇ ಅವರು ಗಿಡದಿಂದ ಗಿಡಕ್ಕೆ ಛಾಯೆಗಳನ್ನು ಕಂಡುಕೊಂಡರು. ಅದನ್ನು ಹಳೆಯ ಕ್ರಮದಲ್ಲಿಯೇ ಮಾಡುವವರು ಅಲ್ಲಿ ಇಂದಿಗೂ ಇದ್ದಾರೆ. ನೋಡುವ ರಸಿಕರೂ ಇದ್ದಾರೆ.

ನಮ್ಮಲ್ಲಿ ಈ ವಿದ್ಯೆ ಕೈಯಿಂದ ಕೈಗೆ ಬಂದದ್ದು. ಜಾತ್ರೆಗೆ, ಮದುವೆಗೆ, ದೇವರ ಉತ್ಸವಕ್ಕೆ ಬಿರುಸು ಕಟ್ಟುತ್ತಿದ್ದ ಮನೆಗಳವರು ತಮ್ಮ ಗಿಡವನ್ನು ತಾವೇ ತರಿದು, ತಾವೇ ಸುಟ್ಟು, ತಾವೇ ಅರೆಯುತ್ತಿದ್ದರು. ಎಷ್ಟೋ ಮನೆಗಳಲ್ಲಿ ಕೈ, ಕಣ್ಣು, ಕೆಲವು ವೇಳೆ ಪ್ರಾಣಗಳೂ ಇದಕ್ಕೆ ಬಲಿಯಾದುವು. ೧೮೮೪ರ ಸ್ಫೋಟಕಗಳ ಕಾಯಿದೆಯೂ ಅದರ ಕೆಳಗೆ ೧೯೪೦ರಲ್ಲಿ ಬಂದ ನಿಯಮಗಳೂ ಈ ಕೆಲಸಕ್ಕೆ ಪರವಾನಗಿಯನ್ನು ವಿಧಿಸಿದವು. ಅದು ನ್ಯಾಯವೇ; ಅಡುಗೆಮನೆಯ ಪಕ್ಕದಲ್ಲಿ ಮದ್ದು ಅರೆಯುವ ಕಾಲ ಹೋದುದಕ್ಕೆ ಅಳುವವರಲ್ಲಿ ನಾವಿಲ್ಲ. ಆದರೆ ಕೆಲಸವು ಶಿವಕಾಶಿಯ ಕಾರ್ಖಾನೆಗಳಿಗೆ ಸೇರಿದಾಗ, ಎಕ್ಕವನ್ನೂ ಕಳ್ಳಿಯನ್ನೂ ಮುರಿದು ನೋಡಿ ಹದ ಹೇಳಬಲ್ಲ ಕಣ್ಣು ಅದರ ಜತೆಯಲ್ಲಿ ಹೋಗಲಿಲ್ಲ. ಅದನ್ನು ಯಾರೂ ಕೇಳಿ ಬರೆದುಕೊಳ್ಳಲೂ ಇಲ್ಲ. ಚೀಣಾಕ್ಕೆ ಒಬ್ಬ ಸುಂಗನಿದ್ದನು. ಅಂಥ ಅಧಿಕಾರಿಯೊಬ್ಬನು ನಮ್ಮ ಸಂಸ್ಥಾನಗಳ ಯಾವ ಕಚೇರಿಯಲ್ಲಾದರೂ ಇದ್ದಿದ್ದರೆ ಈ ಭಾಷಣ ಇದರ ಎರಡರಷ್ಟು ಉದ್ದವಾಗುತ್ತಿತ್ತು.

ಈಗಿನ ಬಿರುಸಿನ ಬೆಳ್ಳನೆಯ ಬೆಳಕು ಅಲ್ಯೂಮಿನಿಯಂನದು. ಹಸುರನ್ನು ಕೊಡುತ್ತಿದ್ದ ಬೇರಿಯಂ ಲವಣಗಳನ್ನು ಸುಪ್ರೀಂ ಕೋರ್ಟು ೨೦೧೮ರಲ್ಲಿ, ಆರೋಗ್ಯಕ್ಕೆ ಹಾನಿಯೆಂದು, ಪಟಾಕಿಗಳಲ್ಲಿ ನಿಷೇಧಿಸಿತು. ಇದ್ದಲಾದರೋ ಬಾಣದ ಕೊಳವೆಯಲ್ಲಿಯೂ ಹೂಕುಂಡದಲ್ಲಿಯೂ ಹಾಗೆಯೇ ಉಳಿದಿದೆ. ಇಂಗ್ಲೆಂಡಿನ ವಾಲ್ಥಾಂ ಆಬಿಯಲ್ಲಿ ಸರಕಾರೀ ಮದ್ದಿನ ಕಾರ್ಖಾನೆ ಮುಚ್ಚಿಹೋಗಿ, ಇದ್ದಲಿಗೆಂದು ನೆಟ್ಟ ಆಲ್ಡರ್ ತೋಪು ಮಾತ್ರ ನಿಂತಿದೆ. ಅದನ್ನು ಸಂರಕ್ಷಿತ ಪ್ರದೇಶವೆಂದು ಗುರುತಿಸಿದ್ದಾರೆ, ಅದರಲ್ಲಿ ಬಕಪಕ್ಷಿಗಳು ಗೂಡು ಕಟ್ಟುತ್ತವೆ. ಕಲಬುರಗಿಯ ಕಡೆ ಸುಗ್ಗಿ ಮುಗಿದ ಮೇಲೆ ತೊಗರಿಕಟ್ಟಿಗೆ ಹೊರೆಹೊರೆಯಾಗಿ ಹಿತ್ತಿಲಿಗೆ ಬಂದು ಒಲೆಗೆ ಹೋಗುತ್ತದೆ. ಎಕ್ಕಕ್ಕೆ ಇನ್ನೂ ಯಾರೂ ಬೇಲಿ ಹಾಕಿಲ್ಲ.